ಹ್ಯಾಂಡೋವರ್ ಕೌಂಟರಿನಲ್ಲಿ ಬೇಡ, ಬೆಡ್ಡಿನ ಪಕ್ಕ ಆಗಲಿ

ಮಂಗಳೂರು ಮತ್ತು ಉಡುಪಿಯ ಆಸ್ಪತ್ರೆಗಳ ಮೆಡಿಕಲ್ ಸೂಪರಿಂಟೆಂಡೆಂಟರಿಗೆ, ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಮತ್ತು ಆಡಳಿತ ಮಂಡಳಿಯವರಿಗೆ,

ನಮಸ್ಕಾರ.

ಬೆಳಿಗ್ಗೆ 7.50ಕ್ಕೆ ನಿಮ್ಮಲ್ಲಿ ಯಾರಾದರೂ ಜನರಲ್ ವಾರ್ಡಿನ ನರ್ಸಿಂಗ್ ಸ್ಟೇಷನ್ ಹತ್ತಿರ ನಿಂತು ನೋಡಿದ್ದೀರಾ? ಅದು ನೀವು ರೌಂಡ್ಸಿಗೆ ಬರುವ ಹೊತ್ತಲ್ಲ. ಅದಕ್ಕೇ ಕೇಳಿದೆ.

ನೈಟ್ ಡ್ಯೂಟಿ ಮುಗಿಸುವ ಸಿಸ್ಟರ್ ಕೌಂಟರಿನ ಒಳಗೆ ಇರುತ್ತಾರೆ. ಮಾರ್ನಿಂಗಿಗೆ ಬಂದವರು ಹೊರಗೆ. ಕೆಲವರ ಹೆಗಲಲ್ಲಿ ಇನ್ನೂ ಬ್ಯಾಗ್. ರಿಪೋರ್ಟ್ ಬುಕ್ ತೆರೆದಿರುತ್ತದೆ. "ಬೆಡ್ ಒಂದು, ಸೇಮ್. ಎರಡು, ಸೇಮ್. ಮೂರು, ರಾತ್ರಿ ಜ್ವರ ಬಂದಿತ್ತು, ಪ್ಯಾರಾಸಿಟಮಾಲ್ ಕೊಟ್ಟಿದೆ, ಈಗ ಓಕೆ. ನಾಲ್ಕು, ಇವತ್ತು ಡಿಸ್ಚಾರ್ಜ್." ನಡುವೆ ಬಿಲ್ಲಿಂಗಿನಿಂದ ಫೋನ್ ಬರುತ್ತದೆ. ನಡುವೆ ಒಬ್ಬರು ಬೈಸ್ಟ್ಯಾಂಡರ್, ಅಂದರೆ ರೋಗಿಯ ಜೊತೆಗಿರುವವರು, ಬಂದು "ಸಿಸ್ಟರ್, ಡ್ರಿಪ್ ಮುಗಿದಿದೆ" ಅನ್ನುತ್ತಾರೆ. 28 ಬೆಡ್, 15 ನಿಮಿಷ. ಒಬ್ಬರಿಗೆ ಸುಮಾರು ಅರ್ಧ ನಿಮಿಷ ಸಿಗುತ್ತದೆ.

ಇದನ್ನು ನಾವು ಹ್ಯಾಂಡೋವರ್ ಅನ್ನುತ್ತೇವೆ. ರಾತ್ರಿಯಿಡೀ ಒಬ್ಬಳ ಕೈಯಲ್ಲಿದ್ದ ಜೀವಗಳನ್ನು ಇನ್ನೊಬ್ಬಳ ಕೈಗೆ ಒಪ್ಪಿಸುವ ಕೆಲಸ. ಅಲ್ಲಿ ಎಲ್ಲರೂ ಇರುತ್ತಾರೆ, ರೋಗಿ ಒಬ್ಬರನ್ನು ಬಿಟ್ಟು.

ನಾನು 16 ವರ್ಷದಿಂದ ಸ್ಟಾಫ್ ನರ್ಸ್. ನಿಮ್ಮಲ್ಲಿ ಕೇಳುವುದು ಎರಡು ವಿಷಯ. ಹ್ಯಾಂಡೋವರನ್ನು ಕೌಂಟರಿನಿಂದ ಎಬ್ಬಿಸಿ ಬೆಡ್ಡಿನ ಪಕ್ಕಕ್ಕೆ ತನ್ನಿ. ಅದಕ್ಕೆ ಬೇಕಾದ ಅರ್ಧ ಗಂಟೆಯನ್ನು ಡ್ಯೂಟಿ ಅಂತ ಲೆಕ್ಕ ಹಾಕಿ. ಎರಡನೆಯದ್ದು ಮಾಡದೆ ಮೊದಲನೆಯದ್ದನ್ನು ಮಾಡಿಸಲು ಹೋಗಬೇಡಿ, ಅದು ನಿಲ್ಲುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಕೆಲವು ವರ್ಷ ಹಿಂದಿನ ಮಾತು. ಆಗ ಇದ್ದ ಆಸ್ಪತ್ರೆಯ ಹೆಸರು ಬೇಡ. ಬೆಡ್ 14ರಲ್ಲಿ ಒಬ್ಬರು ಅಜ್ಜ ಇದ್ದರು, ಬಂಟ್ವಾಳ ಕಡೆಯವರು. ಶುಗರ್ ಇತ್ತು, ಇನ್ಸುಲಿನ್ ನಡೆಯುತ್ತಿತ್ತು. ಮರುದಿನ ಬೆಳಿಗ್ಗೆ ಎಂಡೋಸ್ಕೋಪಿ, ಹಾಗಾಗಿ ರಾತ್ರಿ ಊಟದ ಮೇಲೆ ಏನೂ ಕೊಡಬಾರದು, ಬೆಳಗಿನ ಇನ್ಸುಲಿನ್ನೂ ಬೇಡ ಅಂತ ಡಾಕ್ಟರು ಹತ್ತು ಗಂಟೆಗೆ ಫೋನಿನಲ್ಲಿ ಹೇಳಿದರು. ನಾನು ನೋಟ್ಸಿನಲ್ಲಿ ಬರೆದೆ. ಬೆಡ್ಡಿಗೆ ಎನ್‌ಪಿಒ, ಅಂದರೆ ಬಾಯಿಗೆ ಏನೂ ಕೊಡಬಾರದು ಅನ್ನುವ ಬೋರ್ಡ್ ತೂಗುಹಾಕಬೇಕಿತ್ತು. ಹುಡುಕಿದೆ, ಸಿಗಲಿಲ್ಲ. ಬೆಳಿಗ್ಗೆ ಬಾಯಲ್ಲಿ ಹೇಳಿದರಾಯ್ತು ಅಂದುಕೊಂಡೆ. ಹೇಳಿದೆ ಕೂಡ. ಸರಿಯಾಗಿ ಬೆಡ್ 14ಕ್ಕೆ ಬರುವಾಗ ಫೋನ್ ರಿಂಗ್ ಆಯ್ತು. ನಾನು ಒಂದು ಕೈಯಲ್ಲಿ ಫೋನ್ ಎತ್ತಿ, "ಹದಿನಾಲ್ಕು ಎಂಡೋಸ್ಕೋಪಿ, ಎನ್‌ಪಿಒ" ಅಂದೆ. ಹದಿನಾಲ್ಕೋ ಹದಿನೈದೋ, ಎದುರು ಇದ್ದವಳಿಗೆ ಕೇಳಿಸಲಿಲ್ಲ. ಅವಳು ಕೇಳಲಿಲ್ಲ, ನಾನು ನೋಡಲಿಲ್ಲ. ನನಗೆ 8.10ರ ಬಸ್ ಇತ್ತು.

ಆ ಹುಡುಗಿ ಕೇರಳದವಳು. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತಷ್ಟೆ. ಮಂಗಳೂರಿಗೆ ಬರುವ ಮಲಯಾಳಿ ಸಿಸ್ಟರುಗಳು ಸಾಮಾನ್ಯವಾಗಿ ಮೊದಲು ಕಲಿಯುವ ತುಳು ಯಾವುದು ಗೊತ್ತಲ್ಲ? "ವನಸ್ ಆಂಡಾ?" ಊಟ ಆಯ್ತಾ ಅಂತ. ಅವಳೂ ಅಜ್ಜನ ಹತ್ತಿರ ಹೋಗಿ ನಗುತ್ತಾ ಅದನ್ನೇ ಕೇಳಿದಳು. ಅಜ್ಜ "ಆಂಡ್" ಅಂದರು. ಅವರು ಹೇಳಿದ್ದು ಹಿಂದಿನ ರಾತ್ರಿಯ ಗಂಜಿಯ ಸುದ್ದಿ. ಇವಳು ತಿಂಡಿ ಆಗಿಹೋಗಿದೆ, ಇನ್ಸುಲಿನ್ ತಡವಾಯ್ತು ಅಂತ ಗಡಿಬಿಡಿಯಲ್ಲಿ ಕೊಟ್ಟುಬಿಟ್ಟಳು.

ಒಂಬತ್ತೂವರೆ ಆಗುವಾಗ ಅಜ್ಜ ಬೆವರಿ ಒದ್ದೆ. ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಶುಗರ್ ನೋಡಿದರೆ 46. ನಾವು 70ಕ್ಕಿಂತ ಕೆಳಗೆ ಬಂದರೇ ಲೋ ಅನ್ನುತ್ತೇವೆ. 54ಕ್ಕಿಂತ ಕೆಳಗೆ ಹೋದರೆ ಓಡಬೇಕು. ಡೆಕ್ಸ್‌ಟ್ರೋಸ್ ಹಾಕಿದರು, ಅಜ್ಜ ಸರಿಯಾದರು, ಎಂಡೋಸ್ಕೋಪಿ ಮರುದಿನಕ್ಕೆ ಹೋಯ್ತು. "ಪುಣ್ಯಕ್ಕೆ ಏನೂ ಆಗಲಿಲ್ಲ" ಅಂತ ಎಲ್ಲರೂ ಹೇಳಿದರು. ಹುಡುಗಿಗೆ ಮೆಮೊ ಬಂತು. ನನಗೆ ಬರಲಿಲ್ಲ. ನಾನು ನೋಟ್ಸಿನಲ್ಲಿ ಬರೆದಿದ್ದೆ ಅಲ್ವಾ, ಕಾಗದದ ಪ್ರಕಾರ ನನ್ನ ಕೆಲಸ ಸರಿಯಾಗಿತ್ತು.

ನನ್ನನ್ನು ಇವತ್ತಿಗೂ ಕಾಡುವುದು ಶುಗರಿನ ಆ ನಂಬರ್ ಅಲ್ಲ. ಅಜ್ಜನ ಹೆಂಡತಿ ಅಷ್ಟು ಹೊತ್ತೂ ಬೆಡ್ಡಿನ ಪಕ್ಕದ ಸ್ಟೂಲಿನಲ್ಲೇ ಕೂತಿದ್ದರು. ಬೆಳಿಗ್ಗೆ ಚಾ ಕೂಡ ಕೊಡಬಾರದು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ರಾತ್ರಿ ನಾನೇ ಹೇಳಿದ್ದೆ. ಊಟಕ್ಕೂ ಈ ಇಂಜೆಕ್ಷನ್ನಿಗೂ ಸಂಬಂಧ ಉಂಟು ಅಂತ ಮಾತ್ರ ಗೊತ್ತಿರಲಿಲ್ಲ. ಅದು ಗೊತ್ತಿರಬೇಕಾದ್ದು ನಮಗೆ. ನಾವಿಬ್ಬರೂ ಅಲ್ಲಿಂದ ಮೂವತ್ತು ಹೆಜ್ಜೆ ದೂರದ ಕೌಂಟರಿನಲ್ಲಿ ನಿಂತು ಅವರ ಗಂಡನ ಬಗ್ಗೆ ಮಾತಾಡುತ್ತಿದ್ದೆವು. ಎದುರು ಹೋಗಿ ಒಂದು ನಿಮಿಷ ನಿಂತಿದ್ದರೆ ಆ ಅಮ್ಮನೇ ಬಾಯಿ ಬಿಟ್ಟು ಹೇಳುತ್ತಿದ್ದರು.

ಬೆಡ್ಡಿನ ಪಕ್ಕದ ಹ್ಯಾಂಡೋವರ್ ಅಂದರೆ ದೊಡ್ಡ ವಿಜ್ಞಾನ ಏನಲ್ಲ. ಹೋಗುವವಳು, ಬರುವವಳು ಇಬ್ಬರೂ ಒಟ್ಟಿಗೆ ರೋಗಿಯ ಹತ್ತಿರ ಹೋಗುತ್ತಾರೆ. ಹೋಗುವವಳು ನಾಲ್ಕು ಮಾತು ಹೇಳುತ್ತಾಳೆ. ಈಗ ಹೇಗಿದ್ದಾರೆ, ಯಾಕೆ ಬಂದದ್ದು, ನನಗೆ ಏನನ್ನಿಸುತ್ತದೆ, ಮುಂದೆ ಏನು ಮಾಡಬೇಕು. ಇದಕ್ಕೆ ಎಸ್‌ಬಾರ್ ಅಂತ ಹೆಸರು. ಅಮೆರಿಕದ ನೌಕಾಪಡೆಯ ಪರಮಾಣು ಸಬ್‌ಮರೀನುಗಳಲ್ಲಿ ಮಾತು ಚುಟುಕಾಗಿ, ತಪ್ಪದೆ ತಲುಪಲಿ ಅಂತ ಬಳಸುತ್ತಿದ್ದ ಕ್ರಮ ಅದು. ಈ ಶತಮಾನದ ಶುರುವಿನಲ್ಲಿ ಅಲ್ಲಿನ ಆಸ್ಪತ್ರೆಗಳು ಅದನ್ನು ತಮ್ಮದಾಗಿಸಿಕೊಂಡವು. ನಮ್ಮ ನರ್ಸಿಂಗ್ ಕಾಲೇಜುಗಳಲ್ಲೂ ಕಲಿಸುತ್ತಾರೆ. ಪರೀಕ್ಷೆಯಲ್ಲಿ ಐದು ಮಾರ್ಕಿಗೆ ಬರುತ್ತದೆ, ವಾರ್ಡಿಗೆ ಬರುವುದಿಲ್ಲ.

ಮಾತು ಆದ ಮೇಲೆ ಇಬ್ಬರೂ ಕಣ್ಣಲ್ಲಿ ನೋಡುತ್ತಾರೆ. ಡ್ರಿಪ್ ಯಾವುದು, ಎಷ್ಟು ಉಳಿದಿದೆ, ಕ್ಯಾನುಲಾ (ಡ್ರಿಪ್ ಕೊಡುವ ಸಣ್ಣ ನಳಿಕೆ) ಹಾಕಿದ ಕೈ ಊದಿದೆಯಾ, ಯೂರಿನ್ ಬ್ಯಾಗಿನಲ್ಲಿ ಎಷ್ಟಿದೆ, ಆಕ್ಸಿಜನ್ ಎಷ್ಟರಲ್ಲಿಟ್ಟಿದ್ದಾರೆ. ಬರುವವಳು ಮುಖ್ಯವಾದದ್ದನ್ನು ತನ್ನ ಬಾಯಲ್ಲಿ ತಿರುಗಿ ಹೇಳುತ್ತಾಳೆ. ಕೊನೆಗೆ ರೋಗಿಯನ್ನು ಕೇಳುತ್ತಾರೆ, "ನಾವು ಹೇಳಿದ್ದು ಸರಿ ಇದೆಯಾ? ಏನಾದರೂ ಬಿಟ್ಟು ಹೋಯ್ತಾ?" ಇಷ್ಟೇ.

ತಿರುಗಿ ಹೇಳುವುದು ಸಣ್ಣ ವಿಷಯ ಅನ್ನಿಸಬಹುದು. ಹೋಟೆಲಿನಲ್ಲಿ ಎರಡು ನೀರ್ದೋಸೆ, ಒಂದು ಬನ್ಸ್ ಅಂದರೆ ಸಪ್ಲೈಯರ್ ತಿರುಗಿ ಹೇಳಿಯೇ ಒಳಗೆ ಹೋಗುತ್ತಾನೆ. ನಾವು ಇನ್ಸುಲಿನ್ ವಿಷಯದಲ್ಲಿ ಅಷ್ಟೂ ಮಾಡುವುದಿಲ್ಲ.

ಇದು ನನ್ನ ತಲೆಯಲ್ಲಿ ಹುಟ್ಟಿದ್ದು ಅಂತ ತಿಳಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ರೋಗಿಯ ಸುರಕ್ಷತೆಗೆ ಒಂಬತ್ತು ಪರಿಹಾರಗಳನ್ನು ಹೇಳಿತು. ಹ್ಯಾಂಡೋವರ್ ಹೊತ್ತಿನ ಮಾತುಕತೆ ಸರಿ ಮಾಡುವುದು ಅದರಲ್ಲಿ ಒಂದು. 2014ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಐ-ಪಾಸ್ ಅನ್ನುವ ಕ್ರಮದ ಬಗ್ಗೆ ಒಂದು ದೊಡ್ಡ ಅಧ್ಯಯನ ಬಂತು. ಅಮೆರಿಕ ಮತ್ತು ಕೆನಡಾದ ಒಂಬತ್ತು ಆಸ್ಪತ್ರೆಗಳು, 10,740 ದಾಖಲಾತಿಗಳು. ಹ್ಯಾಂಡೋವರ್ ಮಾಡುವ ಕ್ರಮ ಬದಲಿಸಿದ ಮೇಲೆ ಚಿಕಿತ್ಸೆಯ ತಪ್ಪುಗಳು ಶೇಕಡಾ 23ರಷ್ಟು ಇಳಿದವು. ತಪ್ಪಿಸಬಹುದಾಗಿದ್ದ ಹಾನಿಗಳು ಶೇಕಡಾ 30ರಷ್ಟು. ಆ ಕ್ರಮದ ಕೊನೆಯ ಹೆಜ್ಜೆಯೂ ಇದೇ, ಕೇಳಿಸಿಕೊಂಡವರು ತಿರುಗಿ ಹೇಳುವುದು. ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಅದು ಮಕ್ಕಳ ವಿಭಾಗದ ಕಿರಿಯ ಡಾಕ್ಟರುಗಳ ಹ್ಯಾಂಡೋವರ್, ನರ್ಸುಗಳದ್ದಲ್ಲ. ನಮ್ಮ ವಾರ್ಡಿನಲ್ಲೂ ಅದೇ ಲೆಕ್ಕ ಬರುತ್ತದೆ ಅಂತ ನಾನು ಹೇಳುವುದಿಲ್ಲ.

ಆದರೆ ಅದರಲ್ಲಿ ಇನ್ನೊಂದು ಲೆಕ್ಕ ಉಂಟು, ಅದು ನನಗೆ ಜಾಸ್ತಿ ಇಷ್ಟ. ಬದಲಾವಣೆಗೆ ಮೊದಲು ಒಬ್ಬ ರೋಗಿಗೆ ಸರಾಸರಿ 2.4 ನಿಮಿಷ ಹಿಡಿಯುತ್ತಿತ್ತು. ಬದಲಾದ ಮೇಲೆ 2.5 ನಿಮಿಷ. ಕ್ರಮಬದ್ಧವಾಗಿ ಹೇಳಿದರೆ ತಡವಾಗುತ್ತದೆ ಅನ್ನುವವರಿಗೆ ಇಷ್ಟು ಸಾಕು. ಅಲ್ಲಿ ಎರಡೂವರೆ ನಿಮಿಷ ಹಿಡಿಯುವ ಕೆಲಸವನ್ನು ಇಲ್ಲಿ ಅರ್ಧ ನಿಮಿಷದಲ್ಲಿ ಮುಗಿಸುತ್ತಿದ್ದೇವೆ. ನಾವು ಅಷ್ಟು ಚುರುಕಾ, ಅಥವಾ ಕೆಲಸವನ್ನೇ ಮಾಡುತ್ತಿಲ್ಲವಾ?

ಈಗ ಇರುವ ಆಸ್ಪತ್ರೆಯಲ್ಲಿ ಇದನ್ನು ಎರಡು ಸಲ ಶುರು ಮಾಡಿದ್ದೇವೆ. ಮೊದಲ ಸಲ ಮಕಾಡೆ ಬಿತ್ತು. ಬಿದ್ದದ್ದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ನಿಮ್ಮಲ್ಲಿ ತುಂಬಾ ಜನ ಇದೇ ದಾರಿಯಲ್ಲಿ ಹೋಗುವ ಸಾಧ್ಯತೆ ಇದೆ.

ನಾನು ಮೇಲಿನವರ ಹತ್ತಿರ ಹೋಗಿ ವಿಷಯ ಹೇಳಿದೆ. ಅವರಿಗೆ ತುಂಬಾ ಇಷ್ಟವಾಯ್ತು. ಒಂದೇ ವಾರದಲ್ಲಿ ಸರ್ಕ್ಯುಲರ್ ಬಂತು, ಇಂದಿನಿಂದ ಎಲ್ಲ ವಾರ್ಡುಗಳಲ್ಲಿ ಹ್ಯಾಂಡೋವರ್ ಬೆಡ್ಡಿನ ಪಕ್ಕವೇ ಆಗತಕ್ಕದ್ದು. ಆಡಿಟೋರಿಯಂನಲ್ಲಿ ಒಂದು ಗಂಟೆ ಕ್ಲಾಸ್. ಸ್ಲೈಡ್ ಮಾಡಿದವಳು ನಾನೇ, ನನಗೂ ಹೆಮ್ಮೆ. ನೈಟ್ ಮುಗಿಸಿ ಬಂದವರು ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದರು. ಸಹಿ ತೆಗೆದುಕೊಂಡು ಚಾ, ಸಮೋಸ ಕೊಟ್ಟು ಕಳಿಸಿದರು. ಮೊದಲ ವಾರ ಎಲ್ಲರೂ ಬೆಡ್ ಬೆಡ್ ಸುತ್ತಿದರು. ಎರಡನೇ ವಾರ ಸೂಪರ್‌ವೈಸರ್ ಬರುವಾಗ ಮಾತ್ರ ಸುತ್ತಿದರು. ಮೂರನೇ ವಾರ ಪುನಃ ಕೌಂಟರ್. ರಿಜಿಸ್ಟರಿನಲ್ಲಿ ಒಂದು ಹೊಸ ಕಾಲಂ ಮಾತ್ರ ಉಳಿಯಿತು: "ಬೆಡ್‌ಸೈಡ್ ಹ್ಯಾಂಡೋವರ್ ಮಾಡಲಾಗಿದೆ, ಹೌದು/ಇಲ್ಲ." ಎಲ್ಲ ಕಡೆ ಹೌದು. ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಎನ್‌ಎಬಿಎಚ್‌ನವರು ಬರುವ ಹಿಂದಿನ ದಿನ ಒಂದೇ ಪೆನ್ನಿನಲ್ಲಿ ಒಂದು ತಿಂಗಳ ಹೌದು ಬಿದ್ದದ್ದನ್ನು ನೋಡಿದವಳು ನಾನು.

ನರ್ಸಿಂಗ್ ಓದುವಾಗ ಮ್ಯಾನೇಜ್‌ಮೆಂಟ್ ಪೇಪರಿನಲ್ಲಿ ಕರ್ಟ್ ಲೆವಿನ್ ಅವರ ಪಾಠ ಇರುತ್ತದೆ. 1947ರ ವಿಚಾರ. ಬದಲಾವಣೆ ತರುವುದು ಐಸಿನ ಗಡ್ಡೆಯ ಆಕಾರ ಬದಲಿಸಿದ ಹಾಗೆ ಅಂತ ಮೇಷ್ಟ್ರು ಹೇಳುತ್ತಿದ್ದರು. ಮೊದಲು ಕರಗಿಸಬೇಕು, ಆಮೇಲೆ ಹೊಸ ಆಕಾರ ಕೊಡಬೇಕು, ಆಮೇಲೆ ಮತ್ತೆ ಗಟ್ಟಿ ಮಾಡಬೇಕು. ಪುಸ್ತಕದಲ್ಲಿ ಕರಗಿಸುವುದೇ ಕಷ್ಟ ಅನ್ನುವ ಹಾಗೆ ಬರೆದಿರುತ್ತದೆ. ಮಂಗಳೂರಿನ ಸೆಕೆಯಲ್ಲಿ ಕೂತು ಓದಿದವರಿಗೆ ನಿಜ ಗೊತ್ತು. ಇಲ್ಲಿ ಐಸು ತನ್ನಿಂದ ತಾನೇ ಕರಗುತ್ತದೆ ಮಾರಾಯ್ರೆ, ಗಟ್ಟಿಯಾಗಿ ನಿಲ್ಲುವುದೇ ಕಷ್ಟ. ನಮ್ಮ ಆಸ್ಪತ್ರೆಗಳಲ್ಲಿ ಹೊಸ ಪ್ರಯೋಗಕ್ಕೆ ಬರಗಾಲ ಇಲ್ಲ. ಸೆಪ್ಟೆಂಬರ್ 17ಕ್ಕೆ ರೋಗಿ ಸುರಕ್ಷತಾ ದಿನ, ಪೋಸ್ಟರ್ ಸ್ಪರ್ಧೆ. ಮೇ 12ಕ್ಕೆ ನರ್ಸುಗಳ ದಿನ, ಕೇಕು, ಮೇಣದ ಬತ್ತಿ. ಮರುದಿನ ಅದೇ 7.50, ಅದೇ ಕೌಂಟರ್.

ಎರಡನೇ ಸಲ ಸರ್ಕ್ಯುಲರ್ ಬೇಡ ಅಂತ ನಾವೇ ಕೇಳಿಕೊಂಡೆವು. ಒಂದು ವಾರ್ಡ್, ಅದರಲ್ಲೂ ಕಿಟಕಿ ಬದಿಯ ಆರು ಬೆಡ್ ಮಾತ್ರ. ನಾನು, ಇಬ್ಬರು ಜೂನಿಯರುಗಳು. ಬೆಳಗಿನ ಹ್ಯಾಂಡೋವರ್ ಮಾತ್ರ. ಉಳಿದ 22 ಬೆಡ್ ಹಳೆಯ ಹಾಗೆಯೇ.

ವಾರ್ಡಿನಲ್ಲಿ ಒಬ್ಬರು ಹಿರಿಯ ಸಿಸ್ಟರ್ ಇದ್ದಾರೆ, ರಿಟೈರ್ ಆಗಲು ಸ್ವಲ್ಪ ಸಮಯ ಉಂಟು. ಎಲ್ಲ ವಾರ್ಡಿನಲ್ಲೂ ಅಂಥವರು ಒಬ್ಬರು ಇರುತ್ತಾರೆ. ಅವರು ದೂರದಿಂದ ಮೂರು ದಿನ ನೋಡಿದರು. ನಾಲ್ಕನೇ ದಿನ ಕೇಳಿದರು, "ಎಂತ ಮಾರಾಯ್ತಿ, ಇದೆಲ್ಲ ಅಮೆರಿಕದ್ದು. ಅಲ್ಲಿ ನೆಲ ಒರೆಸುವವರು ಏಳೂವರೆಗೆ ಬರುತ್ತಾರಾ?"

ನನಗೆ ಸಿಟ್ಟು ಬಂತು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಯೋಚಿಸಿದೆ. ಅವರು ಹೇಳಿದ್ದು ಸರಿ ಇತ್ತು. ಮೊದಲ ಸಲ ಬಿದ್ದು ಹೋದದ್ದಕ್ಕೆ ನಾವು "ಮನೋಭಾವ", "ಅಸಡ್ಡೆ" ಅಂತೆಲ್ಲ ದೊಡ್ಡ ಕಾರಣ ಹುಡುಕಿದ್ದೆವು. ನಿಜವಾದ ಕಾರಣಗಳಲ್ಲಿ ಒಂದು ಒದ್ದೆ ನೆಲ. ಏಳೂವರೆಯಿಂದ ಎಂಟರವರೆಗೆ ವಾರ್ಡಿನ ನಡುವಿನ ದಾರಿ ಒರೆಸುತ್ತಾರೆ. ಬೆಡ್‌ಶೀಟ್ ಬದಲಿಸುವವರು ಅದೇ ಹೊತ್ತಿಗೆ. ಅದರ ನಡುವೆ ಇಬ್ಬರು ಫೈಲ್ ಹಿಡಿದು ಜಾರದೆ ನಡೆಯುವುದು ಹೇಗೆ? ಆಡಿಟೋರಿಯಂನ ಸ್ಲೈಡಿನಲ್ಲಿ ನೆಲ ಯಾವಾಗಲೂ ಒಣಗಿರುತ್ತದೆ.

ಮರುದಿನ ಆ ಸಿಸ್ಟರನ್ನೇ ಕರೆದು "ಹೇಗೆ ಮಾಡುವ ಅಕ್ಕ, ನೀವೇ ಹೇಳಿ" ಅಂದೆ. ಅವರು ಹೌಸ್‌ಕೀಪಿಂಗ್ ಹೆಂಗಸಿನ ಹತ್ತಿರ ತುಳುವಿನಲ್ಲಿ ಎರಡು ನಿಮಿಷ ಮಾತಾಡಿದರು. ಒರೆಸುವುದು ಕಿಟಕಿ ಬದಿಯಿಂದ ಶುರುವಾಯ್ತು, ಅದೂ ಏಳಕ್ಕೆ. 7.45 ಆಗುವಾಗ ನೆಲ ಒಣಗಿರುತ್ತದೆ. ಯಾವ ಕಮಿಟಿಯೂ ಬೇಕಾಗಲಿಲ್ಲ. ಆಮೇಲೆ ಅವರೇ ಒಂದೊಂದಾಗಿ ತಿದ್ದುತ್ತಾ ಹೋದರು. ನಿದ್ದೆಯಲ್ಲಿದ್ದವರನ್ನು ಎಬ್ಬಿಸಬೇಡಿ, ಡ್ರಿಪ್ ನೋಡಿ ಮುಂದೆ ಹೋಗಿ, ಪ್ರಶ್ನೆ ಆಮೇಲೆ ಕೇಳಿದರಾಯ್ತು. ಸೀರಿಯಸ್ ಇದ್ದವರಿಂದ ಶುರು ಮಾಡಿ, ಬೆಡ್ ನಂಬರಿನ ಸಾಲಿನಲ್ಲಿ ಹೋಗಬೇಡಿ. ರೋಗಿಯ ತಲೆಯ ಮೇಲಿಂದ ಇಂಗ್ಲಿಷಿನಲ್ಲಿ ಗುಸುಗುಸು ಮಾಡಬೇಡಿ, ಅವರು ತಮಗೇನೋ ಆಗಿದೆ ಅಂತ ಹೆದರುತ್ತಾರೆ. ಈಗ ಹೊಸ ಹುಡುಗಿಯರಿಗೆ ಇದನ್ನೆಲ್ಲ ಕಲಿಸುವುದು ಅವರೇ. ಕೇಳುವವರಿಗೆ ಇದು ಅವರದ್ದೇ ಐಡಿಯಾ ಅನ್ನಿಸಬೇಕು, ಹಾಗೆ ಕಲಿಸುತ್ತಾರೆ. ನನಗೇನೂ ಬೇಜಾರಿಲ್ಲ. ಹಾಗನ್ನಿಸಿದ್ದರಿಂದಲೇ ಇದು ಮೂರು ವಾರ ದಾಟಿತು.

ಮೊದಲ ವಾರದಲ್ಲೇ ಒಂದು ಊದಿದ ಕೈ ಸಿಕ್ಕಿತು, ಡ್ರಿಪ್ ನರದ ಹೊರಗೆ ಹೋಗುತ್ತಿತ್ತು. ರಿಪೋರ್ಟ್ ಬುಕ್ಕಿನಲ್ಲಿ "ಸೇಮ್" ಅಂತಿತ್ತು. ಇನ್ನೊಂದು ದಿನ ಒಬ್ಬರು ಅಮ್ಮನನ್ನು "ಏನಾದರೂ ಬಿಟ್ಟು ಹೋಯ್ತಾ?" ಅಂತ ಕೇಳಿದೆವು. ಅವರು ನಾಚಿಕೊಂಡು ತಲೆದಿಂಬಿನ ಅಡಿಯಿಂದ ಐದು ಮಾತ್ರೆ ತೆಗೆದು ತೋರಿಸಿದರು. ಬಿಪಿಯ ಮಾತ್ರೆ. ತಿಂದರೆ ತಲೆ ಸುತ್ತುತ್ತದೆ ಅಂತ ಮುಚ್ಚಿಟ್ಟಿದ್ದರು. ಚಾರ್ಟಿನಲ್ಲಿ ಐದೂ ದಿನ ಕೊಟ್ಟದ್ದಕ್ಕೆ ಸಹಿ ಇತ್ತು. ಬಿಪಿ ಇಳಿಯುತ್ತಿಲ್ಲ ಅಂತ ಡಾಕ್ಟರು ಡೋಸ್ ಹೆಚ್ಚಿಸುವವರಿದ್ದರು.

ಭಾಷೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಒಂದು ವಾರ್ಡಿನಲ್ಲಿ ತುಳು, ಕನ್ನಡ, ಬ್ಯಾರಿ, ಕೊಂಕಣಿ, ಮಲಯಾಳಂ ಎಲ್ಲ ಒಟ್ಟಿಗೆ ಇರುತ್ತವೆ. ಘಟ್ಟದ ಮೇಲಿನಿಂದ ಬಂದವರ ಕನ್ನಡ ಬೇರೆ, ನಮ್ಮದು ಬೇರೆ. ಕಂಕನಾಡಿಯಿಂದ ದೇರಳಕಟ್ಟೆಯವರೆಗೆ, ಆಚೆ ಮಣಿಪಾಲದವರೆಗೆ, ಯಾವ ಆಸ್ಪತ್ರೆಗೆ ಹೋದರೂ ಇದೇ ಕತೆ. ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್‌ಲಾಕ್ 1848ರಿಂದ ಉಂಟು. ಇಷ್ಟು ಹಳೆಯ ಆಸ್ಪತ್ರೆ ಊರಿನಲ್ಲಿ ಭಾಷೆ ಗೊತ್ತಿಲ್ಲದ ನರ್ಸು ಮತ್ತು ರೋಗಿ ಹೇಗೋ ಸುಧಾರಿಸಿಕೊಳ್ಳುತ್ತಾರೆ ಅಂತ ನಾವು ಬಿಟ್ಟುಬಿಟ್ಟಿದ್ದೇವೆ. ಕೌಂಟರಿನಲ್ಲಿ ಹ್ಯಾಂಡೋವರ್ ಆದರೆ ಭಾಷೆಯ ತೊಡಕು ಕಾಣುವುದೇ ಇಲ್ಲ, ಅಲ್ಲಿ ಇಬ್ಬರೂ ಆಸ್ಪತ್ರೆಯ ಇಂಗ್ಲಿಷ್ ಮಾತಾಡುತ್ತಾರೆ. ಬೆಡ್ಡಿನ ಪಕ್ಕ ನಿಂತರೆ ಕೂಡಲೇ ಗೊತ್ತಾಗುತ್ತದೆ. ತುಳು ಬರುವವಳು "ಬೇನೆ ಉಂಡಾ?", ನೋವು ಇದೆಯಾ ಅಂತ ಕೇಳುವಾಗ ಬಾರದವಳು ಕೇಳಿಸಿಕೊಂಡು ಕಲಿಯುತ್ತಾಳೆ. ನಮ್ಮ ಜೂನಿಯರುಗಳ ತುಳು ಈಗ ಊಟದಿಂದ ಮುಂದೆ ಹೋಗಿದೆ.

ಗುಟ್ಟಿನ ವಿಷಯ ಏನು ಅಂತ ನೀವು ಕೇಳುತ್ತೀರಿ, ಕೇಳಲೇಬೇಕು. ಜನರಲ್ ವಾರ್ಡಿನಲ್ಲಿ ಬೆಡ್ಡಿಗೂ ಬೆಡ್ಡಿಗೂ ನಡುವೆ ಒಂದು ಪರದೆ, ಅದೂ ಅರ್ಧ. ಪಕ್ಕದ ಬೆಡ್ಡಿನ ಬೈಸ್ಟ್ಯಾಂಡರ್ ಕಿವಿ ನಮ್ಮ ಕಡೆಗೇ ಇರುತ್ತದೆ. ಅವರು ಒಂದೇ ಊರಿನವರು ಆಗಿದ್ದರೆ ಮುಗಿಯಿತು. ಹಾಗಾಗಿ ಎಚ್‌ಐವಿ, ಟಿಬಿ, ಮಾನಸಿಕ ಕಾಯಿಲೆ, ಗರ್ಭದ ವಿಷಯ, ವಿಷ ಕುಡಿದು ಬಂದದ್ದು, ಇದ್ಯಾವುದನ್ನೂ ಬೆಡ್ಡಿನ ಪಕ್ಕ ಬಾಯಿ ಬಿಟ್ಟು ಹೇಳಬಾರದು. ಫೈಲಿನಲ್ಲಿ ಬೆರಳಿಟ್ಟು ತೋರಿಸಬೇಕು, ಅಥವಾ ಮೊದಲೇ ಒಳಗೆ ಮಾತಾಡಿ ಬರಬೇಕು. ಎಚ್‌ಐವಿ ಬಗ್ಗೆಯಂತೂ 2017ರ ಕಾಯ್ದೆಯೇ ಇದೆ, ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಗೊತ್ತುಮಾಡುವ ಹಾಗಿಲ್ಲ. ಬೈಸ್ಟ್ಯಾಂಡರ್ ಎದುರು ಮಾತಾಡಬಹುದಾ ಅಂತ ಅಡ್ಮಿಶನ್ ದಿನವೇ ರೋಗಿಯನ್ನು ಕೇಳಿ ಫೈಲಿನಲ್ಲಿ ಬರೆದಿಟ್ಟರೆ ಒಳ್ಳೆಯದು. ಗಂಡನ ಎದುರು ಬೇಡ ಅನ್ನುವ ಹೆಂಗಸರೂ ಇರುತ್ತಾರೆ. ಹಾಗಂತ ಇದೇ ನೆಪದಲ್ಲಿ ಎಲ್ಲವನ್ನೂ ಕೌಂಟರಿಗೆ ವಾಪಸ್ ತರಬೇಡಿ. ಕೌಂಟರಿನಲ್ಲಿ ಗುಟ್ಟು ಉಳಿಯುತ್ತದೆ ಅನ್ನುವವರು ಅಲ್ಲಿ ಡಿಸ್ಚಾರ್ಜ್ ಸಮ್ಮರಿಗೆ ಕಾಯುತ್ತಾ ನಿಂತವರನ್ನು ನೋಡಿಲ್ಲ.

ಇನ್ನು ಹಣದ ಮಾತು. ನಮ್ಮದು ಎಂಟರಿಂದ ಎರಡು, ಎರಡರಿಂದ ಎಂಟು, ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು. ಈ ಲೆಕ್ಕದಲ್ಲಿ ಹ್ಯಾಂಡೋವರ್ ಎಲ್ಲಿದೆ? ಎಂಟಕ್ಕೆ ಒಬ್ಬಳ ಡ್ಯೂಟಿ ಮುಗಿಯುತ್ತದೆ, ಅದೇ ಎಂಟಕ್ಕೆ ಇನ್ನೊಬ್ಬಳದ್ದು ಶುರುವಾಗುತ್ತದೆ. ಅಂದರೆ ಹ್ಯಾಂಡೋವರಿಗೆ ನಿಮ್ಮ ರೋಸ್ಟರಿನಲ್ಲಿ ಸೊನ್ನೆ ನಿಮಿಷ. ಆಗುವುದೆಲ್ಲ ನಮ್ಮ ಸ್ವಂತ ಸಮಯದಲ್ಲಿ. ಬರುವವಳು ಬೇಗ ಬರಬೇಕು, ಇಲ್ಲವೇ ಹೋಗುವವಳು ತಡವಾಗಿ ಹೋಗಬೇಕು. ತಲಪಾಡಿಯಿಂದಲೋ ಮಂಜೇಶ್ವರದಿಂದಲೋ ಬರುವವಳಿಗೆ ತೊಕ್ಕೊಟ್ಟಿನ ಟ್ರಾಫಿಕ್ ಬೇರೆ. ಹನ್ನೆರಡು ಗಂಟೆ ನಿಂತವಳಿಗೆ ಮನೆಯಲ್ಲಿ ಮಗು ಶಾಲೆಗೆ ಹೊರಟಿರುತ್ತದೆ. ಬಸ್ ಬಿಟ್ಟು ನಿಂತು ಚೆನ್ನಾಗಿ ಹ್ಯಾಂಡೋವರ್ ಕೊಡು ಅಂದರೆ ಯಾರು ಕೊಡುತ್ತಾರೆ? ಅಂದು ನಾನು ಕೊಡಲಿಲ್ಲ.

ಅರ್ಧ ಗಂಟೆಯ ಲೆಕ್ಕ ಮಾಡಿ. ತಿಂಗಳಿಗೆ 26 ಡ್ಯೂಟಿ ಅಂದರೆ 13 ಗಂಟೆ. ಎರಡು ಮಾರ್ನಿಂಗ್ ಡ್ಯೂಟಿಗಿಂತ ಜಾಸ್ತಿ. ಅದನ್ನು ಸಂಬಳದಲ್ಲಿ ಕೊಡಿ, ಇಲ್ಲ ತಿಂಗಳಿಗೆ ಎರಡು ಆಫ್ ಆಗಿ ಕೊಡಿ. ಬರುವವರನ್ನು ಏಳೂವರೆಗೆ ಕರೆಸಿ, ಹೋಗುವವರನ್ನು ಎಂಟಕ್ಕೆ ಸರಿಯಾಗಿ ಬಿಡಿ. ನಮ್ಮ ವಾರ್ಡಿನಲ್ಲಿ ರಾತ್ರಿ ಇಬ್ಬರಿರುತ್ತಾರೆ, ತಲಾ 14 ಬೆಡ್. ಇಬ್ಬರೂ ಒಂದೇ ಹೊತ್ತಿಗೆ ತಮ್ಮ ತಮ್ಮ ರೋಗಿಗಳನ್ನು ಒಪ್ಪಿಸಿದರೆ ಸೀರಿಯಸ್ ಇದ್ದವರಿಗೆ ಮೂರು ನಿಮಿಷ, ಡಿಸ್ಚಾರ್ಜ್ ಇದ್ದವರಿಗೆ ಅರ್ಧ ನಿಮಿಷ, ಅರ್ಧ ಗಂಟೆಯ ಒಳಗೆ ಆಗುತ್ತದೆ. ಒಬ್ಬಳೇ 28ನ್ನೂ ಓದಿ ಹೇಳುವ ಪದ್ಧತಿ ಬಿಡಬೇಕು. ನೋಡದ ರೋಗಿಯನ್ನು ಅವಳು ಹೇಗೆ ಒಪ್ಪಿಸುತ್ತಾಳೆ?

ಸದ್ಯ ನಮ್ಮ ಆರು ಬೆಡ್ ಈಗ ಹದಿನಾಲ್ಕು ಆಗಿವೆ, ಅದು ನಮ್ಮ ಪುಕ್ಕಟೆ ಸಮಯದಲ್ಲಿ ನಡೆಯುತ್ತಿದೆ. ಎಷ್ಟು ದಿನ ನಡೆಯುತ್ತದೆ ಅಂತ ನನಗೂ ಗೊತ್ತಿಲ್ಲ. ಮಧ್ಯಾಹ್ನ ಎರಡರ ಹ್ಯಾಂಡೋವರ್ ಇನ್ನೂ ಕೌಂಟರಿನಲ್ಲೇ ಆಗುತ್ತಿದೆ. ಊಟದ ಹೊತ್ತು, ಲ್ಯಾಬಿನವರು, ಹೊಸ ಅಡ್ಮಿಶನ್, ಎಲ್ಲ ಒಟ್ಟಿಗೆ. ಅದಕ್ಕೆ ನಮಗೆ ಉಪಾಯ ಸಿಕ್ಕಿಲ್ಲ.

ಡಾಕ್ಟರುಗಳಲ್ಲಿ ಒಂದು ಸಣ್ಣ ವಿನಂತಿ. 7.45ರಿಂದ 8.10ರವರೆಗೆ ಸಿಸ್ಟರುಗಳನ್ನು ಫೈಲ್ ಕೊಡಿ, ಬಿಪಿ ಹೇಳಿ ಅಂತ ಕರೆಯಬೇಡಿ. ತುರ್ತು ಇದ್ದರೆ ಸರಿ. ಇಲ್ಲದಿದ್ದರೆ ನೀವೂ ನಮ್ಮ ಜೊತೆ ಒಂದು ಸುತ್ತು ಬನ್ನಿ. ಒಬ್ಬ ಪಿಜಿ ಹುಡುಗ ಹಾಗೆ ಬರಲು ಶುರು ಮಾಡಿದ್ದಾನೆ, ಅವನ ರೌಂಡ್ಸ್ ಬೇಗ ಮುಗಿಯುತ್ತದಂತೆ. ಕೌಂಟರಿನ ಫೋನನ್ನು ಆ ಹೊತ್ತು ವಾರ್ಡ್ ಕ್ಲರ್ಕ್ ಎತ್ತಲಿ.

ಕೊನೆಯದಾಗಿ ಮೆಮೊ. ಬೆಡ್ಡಿನ ಪಕ್ಕ ನಿಂತು ನೋಡಿದರೆ ತಪ್ಪುಗಳು ಕಾಣಲು ಶುರುವಾಗುತ್ತವೆ. ಊದಿದ ಕೈ, ದಿಂಬಿನಡಿಯ ಮಾತ್ರೆ, ತಪ್ಪು ಡ್ರಿಪ್. ಮೊದಲ ಎರಡು ತಿಂಗಳು ನಿಮ್ಮ ರಿಪೋರ್ಟಿನಲ್ಲಿ ತಪ್ಪುಗಳ ಸಂಖ್ಯೆ ಏರುತ್ತದೆ. ಹೆದರಬೇಡಿ, ಅವು ಮೊದಲೂ ಇದ್ದವು. ಆಗ ನೀವು ಎಕ್ಸ್‌ಪ್ಲನೇಶನ್ ಲೆಟರ್ ಕೇಳಿದಿರೋ, ಮರುದಿನದಿಂದ ಯಾರೂ ಏನೂ ನೋಡುವುದಿಲ್ಲ. ಎಲ್ಲ ಬೆಡ್ಡೂ ಪುನಃ "ಸೇಮ್" ಆಗುತ್ತದೆ. ಮೆಮೊ ತಗೊಂಡ ಆ ಕೇರಳದ ಹುಡುಗಿ ಈಗ ಗಲ್ಫಿನಲ್ಲಿದ್ದಾಳೆ. ಅಲ್ಲಿ ದಿನಾ ಬೆಡ್ಡಿನ ಪಕ್ಕವೇ ಹ್ಯಾಂಡೋವರ್ ಕೊಡುತ್ತಾಳಂತೆ. "ಚೇಚಿ, ಇಲ್ಲಿ ಫೋನ್ ಎತ್ತುವುದಕ್ಕೆ ಬೇರೆ ಜನ ಇದ್ದಾರೆ" ಅಂತ ಮೆಸೇಜ್ ಮಾಡಿದ್ದಳು. ಅಂದು ಬೆಳಿಗ್ಗೆ ಫೋನ್ ಎತ್ತಿದವಳು ನಾನು ಅಂತ ಅವಳಿಗೆ ನೆನಪಿದೆ ಅಂತ ಕಾಣುತ್ತದೆ.

ಎಲ್ಲ ವಾರ್ಡಿಗೂ ಒಂದೇ ದಿನ ಆದೇಶ ಹೊರಡಿಸಿ ಅಂತ ನಾನು ಕೇಳುತ್ತಿಲ್ಲ, ದಯವಿಟ್ಟು ಹೊರಡಿಸಬೇಡಿ. ನಿಮ್ಮ ಆಸ್ಪತ್ರೆಯಲ್ಲಿ ಒಂದು ವಾರ್ಡ್ ಆರಿಸಿ, ಮೂರು ತಿಂಗಳು ಕೊಡಿ. ಆ ಅರ್ಧ ಗಂಟೆಯನ್ನು ರೋಸ್ಟರಿನಲ್ಲಿ ಬರೆಯಿರಿ. ಹೇಗೆ ಮಾಡಬೇಕು ಅನ್ನುವುದನ್ನು ಅಲ್ಲಿನ ಇನ್‌ಚಾರ್ಜ್ ಸಿಸ್ಟರಿಗೆ ಬಿಡಿ. ಜಾಸ್ತಿ ಗೊಣಗುವ ಸಿಸ್ಟರ್ ಇರುವ ವಾರ್ಡೇ ಆದರೆ ಇನ್ನೂ ಒಳ್ಳೆಯದು.

ಮುಂದಿನ ವಾರ ನನಗೆ ನೈಟ್. ಮೇಲಿನವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ, ಬಂದು ನೋಡುವವರಿದ್ದರೆ ನೋಡಬಹುದು ಅಂದಿದ್ದಾರೆ. ನಿಮ್ಮ ನಿಮ್ಮ ಆಸ್ಪತ್ರೆಯಿಂದ ಒಬ್ಬೊಬ್ಬ ಸಿಸ್ಟರನ್ನು ಕಳಿಸಿದರೂ ಸಾಕು. 7.45ಕ್ಕೆ ಬನ್ನಿ. ಅದಕ್ಕಿಂತ ಮುಂಚೆ ಬಂದರೆ ನೆಲ ಒದ್ದೆ ಇರುತ್ತದೆ, ಜಾಗ್ರತೆ.

ಇತಿ,
ಮಂಗಳೂರಿನ ಒಬ್ಬಳು ಸ್ಟಾಫ್ ನರ್ಸ್